ಅತ್ತೆಯ ಮಂಡಿಗೆ ಸೊಸೆಯ ಪ್ರದಕ್ಷಿಣೆ

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಮೊದಲ ದಿನವೇ ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. ನಮ್ಮ ಚನ್ನಪಟ್ಟಣದ ಕಡೆ ‘ಒಂದು ಮುದ್ದೆ’ ಅನ್ನುವುದು ಅಳತೆಯಲ್ಲ. ಮಂಡಿ ನೋವೆಂದು ಬಂದ ಹೆಂಗಸಿಗೆ ನೀವು, ‘ಅಮ್ಮಾ, ಮೈ ಭಾರ ಕಮ್ಮಿಯಾಗಬೇಕು, ಎರಡು ಮುದ್ದೆ ಉಣ್ಣುವ ಕಡೆ ಒಂದು ಉಣ್ಣಿ’ ಅನ್ನುತ್ತೀರಿ. ಆಯಮ್ಮ ಭಕ್ತಿಯಿಂದ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಎರಡು ಮುದ್ದೆಯ ಹಿಟ್ಟನ್ನು ಒಂದೇ ಮುದ್ದೆಯಾಗಿ ಕಟ್ಟಿಸಿಕೊಂಡು ಉಣ್ಣುತ್ತಾರೆ. ಮುಂದಿನ ವಾರ ಬಂದು, ‘ನೀವು ಹೇಳ್ದಂಗೇ ಮಾಡಿವ್ನಿ, ಒಂದೇ ಮುದ್ದೆ’ ಅನ್ನುತ್ತಾರೆ. ಅದು ಸುಳ್ಳಲ್ಲ. ಆ ಮುದ್ದೆಯನ್ನು ಒಬ್ಬರ ಮನೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ತಟ್ಟೆಯಲ್ಲಿ ಸಾರು ಬಿಡಲು ಜಾಗ ಇರಲಿಲ್ಲ.

ನನ್ನ ಹೆಸರು ಗೌರಮ್ಮ. ಹುಟ್ಟಿದ್ದು ಕನಕಪುರದ ಕಡೆ, ಮದುವೆಯಾಗಿ ಬಂದು ಸೇರಿದ್ದು ಚನ್ನಪಟ್ಟಣಕ್ಕೆ. ಅಡುಗೆ, ಪೂಜೆ, ಮಕ್ಕಳು, ಶನಿವಾರದ ಆಂಜನೇಯ, ಇಷ್ಟೇ ಗೊತ್ತಿದ್ದ ನಾನು ಊರಿನ ಟ್ರಸ್ಟಿನ ಆಸ್ಪತ್ರೆಯೊಂದರ ‘ಮಂಡಿ ಕ್ಲಾಸಿಗೆ’ ಹೋದದ್ದು ರೋಗಿಯಾಗಿ. ಆಗ ನಾನು ದೇವರ ಮುಂದೆ ಕೂತರೆ ಏಳಿಸಲು ದೇವರೇ ಎದ್ದು ಬರಬೇಕಿತ್ತು. ವ್ಯಾಯಾಮ ಮಾಡಿ ಒಂದಷ್ಟು ಸುಧಾರಿಸಿದೆ. ಹೆಂಗಸರನ್ನು ನಗಿಸಿ, ಗದರಿಸಿ ಕೂರಿಸುವ ಬಾಯಿ ನನಗಿದೆ ಅಂತ ಅಲ್ಲೇ ಸಹಾಯಕಿಯಾಗಿ ಇಟ್ಟುಕೊಂಡರು. ಕುರ್ಚಿ ಸಾಲು ಹಾಕುವುದು, ತೂಕ ನೋಡುವುದು, ಬಾರದವರಿಗೆ ಫೋನು ಮಾಡಿ ಬೈಯುವುದು ನನ್ನ ಕೆಲಸ. ಹೋದ ವರ್ಷ ಬಿಟ್ಟೆ. ಮನೆವಾಳ್ತೆಯ ಹೆಂಗಸಿಗೆ ಈ ವಯಸ್ಸಿನಲ್ಲಿ ‘ರಿಟೈರಾದೆ’ ಅಂತ ಹೇಳಿಕೊಳ್ಳುವ ಭಾಗ್ಯ ಸಿಕ್ಕಿತಲ್ಲ, ಅದೂ ಸ್ವಾಮಿಯ ಕೃಪೆಯೇ.

ನಾನು ಸೇರಿದಾಗ ಇದ್ದವರು ಒಬ್ಬ ಹಿರಿಯ ಡಾಕ್ಟರು. ಒಳ್ಳೆಯವರು. ಆದರೆ ಅವರು ಕುರ್ಚಿಗೆ ಬರುವ ಮೊದಲೇ ಅವರ ಹೊಟ್ಟೆ ಮೇಜಿನ ಹತ್ತಿರ ಬಂದಿರುತ್ತಿತ್ತು. ರೋಗಿಯ ಮುಖ ನೋಡದೆ ಒಂದೇ ಉಸಿರಿನಲ್ಲಿ ‘ತೂಕ ಇಳಿಸಿ, ರೆಸ್ಟ್ ತಗೊಳ್ಳಿ’ ಅನ್ನುತ್ತಿದ್ದರು. ಕೂತುಕೊಂಡು ತೂಕ ಇಳಿಸುವ ವಿದ್ಯೆ ಅವರಿಗೇ ಒಲಿದಿರಲಿಲ್ಲ, ನಮಗೆಲ್ಲಿಂದ ಒಲಿಯಬೇಕು? ಆ ಕಾಲದ ಪದ್ಧತಿಯೂ ಹಾಗೇ ಇತ್ತು. ಮಂಡಿಗೊಂದು ಪಟ್ಟಿ, ಬಿಸಿನೀರಿನ ಚೀಲ, ಟಿವಿಯಲ್ಲಿ ತೋರಿಸುವ ಎಣ್ಣೆ. ಆ ಎಣ್ಣೆ ಹಚ್ಚಿಕೊಂಡ ಹೆಂಗಸು ಟಿವಿಯಲ್ಲಿ ಮೆಟ್ಟಿಲು ಹಾರಿ ಹಾರಿ ಹತ್ತುತ್ತಾಳೆ. ನಮ್ಮ ಬೀದಿಯಲ್ಲಿ ಹಚ್ಚಿಕೊಂಡವರು ಜಾರಿ ಬಿದ್ದದ್ದು ಮಾತ್ರ ನನಗೆ ಗೊತ್ತು.

‘ಮಂಡಿ ಸವೆದಿದೆ’ ಅನ್ನುವ ಮಾತು ಎಲ್ಲರ ತಲೆ ಕೆಡಿಸಿತ್ತು. ಸವೆದಿರುವುದು ಇನ್ನೂ ಸವೆಯದಿರಲಿ ಅಂತ ಹೆಂಗಸರು ಕಾಲನ್ನು ಮೈಸೋಪಿನ ಹಾಗೆ ಜೋಪಾನ ಮಾಡತೊಡಗಿದ್ದರು. ಹಬ್ಬಕ್ಕೊಂದು ಸಲ, ನೆಂಟರು ಬಂದಾಗೊಂದು ಸಲ ತೆಗೆದು ಬಳಸುವುದು, ಮಿಕ್ಕ ದಿನ ಎತ್ತಿಡುವುದು.

ಆಮೇಲೆ ಬಂದವರು ಶ್ರುತಿ ಮೇಡಂ, ಫಿಸಿಯೋಥೆರಪಿ ಓದಿದವರು, ದಿನಾ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಕೀಲು ಸುಮ್ಮನಿದ್ದಷ್ಟೂ ಬಿಗಿಯುತ್ತದೆ, ಆಡಿಸಿದರೆ ಸಲೀಸಾಗುತ್ತದೆ, ತೊಡೆಯ ಮಾಂಸಖಂಡ ಗಟ್ಟಿಯಾದರೆ ಮಂಡಿಯ ಹೊರೆಯನ್ನು ಅದು ಹೊರುತ್ತದೆ, ಮೈ ಒಂದಿಷ್ಟು ಹಗುರಾದರೂ ಸಾಕು, ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ಅದು ತಿಳಿಯುತ್ತದೆ ಅಂತ ಬಿಡಿಸಿ ಹೇಳಿದರು. ಅಷ್ಟೂ ನಿಜ. ಆದರೆ ಗೋಡೆಗೆ ಅಂಟಿಸಿದ ಪಟಗಳನ್ನು ಅವರು ಯಾವ ದೇಶದಿಂದ ತಂದಿದ್ದರೋ. ಸಮುದ್ರದ ದಡದಲ್ಲಿ ಬಿಳಿ ಕೂದಲ ದಂಪತಿ ಪ್ಯಾಂಟು ಹಾಕಿಕೊಂಡು ನಗುತ್ತಾ ನಡೆಯುತ್ತಿದ್ದರು. ಪಕ್ಕದಲ್ಲಿ ಹಸಿರು ಹೂಕೋಸಿನಂಥದ್ದೇನೋ ಇತ್ತು. ಮಂಡಿನೋವಿಗೆ ಈಜು ಬಹಳ ಒಳ್ಳೆಯದಂತೆ, ಇಲ್ಲಿ ಅದಕ್ಕೆ ವ್ಯವಸ್ಥೆ ಇದೆಯಾ ಅಂತ ಕೇಳಿದರು. ಕೆರೆ ಇದೆ ಮೇಡಂ, ಎಮ್ಮೆಗಳನ್ನು ಒಂದು ಮಾತು ಕೇಳಬೇಕು ಅಂದೆ. ಪುಣ್ಯಕ್ಕೆ ಅವರಿಗೆ ನಗು ಬರುತ್ತಿತ್ತು. ನಗು ಬರದ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡುವ ಕಷ್ಟ ನಿಮಗೆ ಮುಂದೆ ತಿಳಿಯುತ್ತದೆ.

ತೂಕದ ಯಂತ್ರದ ವಿಷಯ ಒಂದು ಹೇಳಿಬಿಡುತ್ತೇನೆ. ನಮ್ಮ ಹೆಂಗಸರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹತ್ತುತ್ತಿರಲಿಲ್ಲ. ಕಾಲಿಡುವ ವಸ್ತುವಿಗೆ ಮೊದಲು ನಮಸ್ಕಾರ ಮಾಡಬೇಕಲ್ಲ. ಹತ್ತಿದ ಮೇಲೆ ಉಸಿರು ಬಿಗಿಹಿಡಿದು ಮೇಲಕ್ಕೆ ನೋಡುತ್ತಾ ನಿಲ್ಲುವುದು. ಮುಳ್ಳು ನಿಂತಮೇಲೆ ತಾಳಿ, ಓಲೆ, ಬಳೆ, ಮುಡಿದ ಹೂವು ಎಲ್ಲವನ್ನೂ ಕಳೆದು ಹೇಳಿ ಅಂತ ಚೌಕಾಸಿ ಮಾಡುವುದು. ಒಂದು ಆಯುಧಪೂಜೆಗೆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಡಿಯಲ್ಲಿ ನಿಂಬೆಹಣ್ಣು ಇಟ್ಟಿದ್ದೆವು. ಮಾರನೇ ದಿನ ಯಾರೂ ಅದನ್ನು ತೆಗೆದಿರಲಿಲ್ಲ. ಆ ವಾರ ಎಲ್ಲರ ತೂಕವೂ ಇಳಿದಿತ್ತು. ಕ್ಲಾಸಿನಲ್ಲಿ ಅಷ್ಟು ಸಂತೋಷ ನಾನು ಮತ್ತೆ ಕಂಡಿಲ್ಲ.

ಇಂಥ ಕ್ಲಾಸಿಗೆ ಬೈರಾಪಟ್ಟಣದಿಂದ ನಿಂಗಮ್ಮ ಬಂದಳು. ಸೊಸೆ ಮಂಜುಳ ಆಟೋದಿಂದ ಅವಳನ್ನು ದೇವರ ವಿಗ್ರಹ ಇಳಿಸಿದ ಹಾಗೆ ಇಳಿಸಿದಳು. ನಿಂಗಮ್ಮನದು ಕುರಿ ಸಾಕುವ ಮನೆ. ಗಂಡ ತೀರಿಕೊಂಡ ಮೇಲೂ ಕುರಿ ಹೊಡೆದುಕೊಂಡು ಕೆರೆಯಾಚೆ ಹೋಗಿ ಸಂಜೆಗೆ ಬರುತ್ತಿದ್ದ ಗಟ್ಟಿ ಹೆಂಗಸು. ಕ್ಲಾಸಿಗೆ ಬರುವ ಎರಡು ವರ್ಷ ಮೊದಲು ಬಲಮಂಡಿ ಹಿಡಿದುಕೊಂಡಿತು. ಮಗ ಶಿವಲಿಂಗ ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ತಾಯಿಯ ಮೇಲೆ ಪ್ರಾಣ ಇಟ್ಟುಕೊಂಡವನು. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ತಂದು ಪಡಸಾಲೆಯಲ್ಲಿ ಹಾಕಿ, ಇನ್ನು ನೀನು ಏಳಬೇಡ ಅಂದ. ಅವಳೂ ಏಳಲಿಲ್ಲ. ಕಾಫಿ ಕುರ್ಚಿಗೆ ಬಂತು, ಮುದ್ದೆ ಕುರ್ಚಿಗೆ ಬಂತು, ಸೊಪ್ಪು ಸೋಸುವ ಕೆಲಸ ಮಾತ್ರ ಬರಲಿಲ್ಲ, ಅದನ್ನು ಮಾಡಿದರೆ ತಾಯಿಯನ್ನು ದುಡಿಸುತ್ತಾರೆ ಅಂತ ಊರು ಅಂದೀತು. ಊರವರೆಲ್ಲ ಶಿವಲಿಂಗನನ್ನು ಹೊಗಳಿದರು. ಅವ್ವನನ್ನು ಕೂರಿಸಿ ಸಾಕುತ್ತಾನೆ ಅಂತ. ನಮ್ಮಲ್ಲಿ ಮಕ್ಕಳ ಪ್ರೀತಿಗೆ ಒಂದು ಹದ ಇಲ್ಲ. ನೋಡಿಕೊಳ್ಳದಿದ್ದರೆ ಬೀದಿಗೆ, ನೋಡಿಕೊಂಡರೆ ಕುರ್ಚಿಗೆ.

ಕುರಿ ಮೇಯಿಸಲು ಆಳು ಇಟ್ಟರು, ನಿಲ್ಲಲಿಲ್ಲ. ಕುರಿಗಳು ಕೊಟ್ಟಿಗೆಯಲ್ಲೇ ಕಟ್ಟಿಸಿಕೊಂಡು ಅರಚುತ್ತಿದ್ದವು. ಅವನ್ನು ಈ ಬಕ್ರೀದಿಗೆ ಅಷ್ಟನ್ನೂ ಕೊಟ್ಟುಬಿಡುವುದು ಅಂತ ಶಿವಲಿಂಗ ನಿಶ್ಚಯ ಮಾಡಿದ್ದ. ನಿಂಗಮ್ಮ ಕ್ಲಾಸಿಗೆ ಬಂದದ್ದು ನೋವಿನಿಂದಲ್ಲ, ಆ ಹೆದರಿಕೆಯಿಂದ. ಮೊದಲ ದಿನವೇ ನನ್ನ ಕೈಹಿಡಿದು ಹೇಳಿದಳು.

“ಕುರಿ ಹೋದ್ಮೇಲೆ ಆ ಮನೇಲಿ ನಾನು ಯಾರು ಕಣ್ ಗೌರಕ್ಕ? ಕುರ್ಚಿ ಮ್ಯಾಲೆ ಇಟ್ಟಿರೋ ಗಂಟು. ಒಸಿ ಕಾಲು ಬರಂಗ್ ಮಾಡ್ಕೊಡಿ, ಕೆರೆಗಂಟ ಹೋದ್ರೆ ಸಾಕು.”

ಮೇಡಂ ಎಕ್ಸ್‌ರೇ ನೋಡಿ ಆಪರೇಷನ್ನಿನ ಮಟ್ಟಕ್ಕೆ ಹೋಗಿಲ್ಲ ಅಂದರು. ಅದೊಂದು ಪುಣ್ಯ ಅಂದುಕೊಂಡು ನಾವು ಶುರು ಮಾಡಿದೆವು.

ಊಟದ ವಿಚಾರಣೆ ಮೊದಲು. ಮುದ್ದೆಯ ಕಥೆ ಆಗಲೇ ಹೇಳಿದೆ. ನಿಂಗಮ್ಮನಿಗೆ ಸೋಮವಾರ, ಶನಿವಾರ ಉಪವಾಸ. ಮೇಡಂಗೆ ಸಮಾಧಾನವಾಯಿತು. ಆದರೂ ಉಪವಾಸದ ದಿನ ಬಾಯಿಗೆ ಏನೇನು ಹೋಗುತ್ತದೆ ಅಂತ ಕೇಳಿಯೇ ಬಿಟ್ಟರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಬಾಳೆಹಣ್ಣು, ಹಾಲು, ಕಡಲೆಬೀಜ, ಬೆಲ್ಲ, ರಾತ್ರಿ ಅನ್ನ ಮುಟ್ಟುವಂತಿಲ್ಲವಾದ್ದರಿಂದ ತುಪ್ಪ ಹಾಕಿದ ಉಪ್ಪಿಟ್ಟು, ನಡುನಡುವೆ ನಿಶ್ಶಕ್ತಿಯಾಗದಿರಲಿ ಅಂತ ಕಾಫಿ. ಉಪವಾಸವಿಲ್ಲದ ದಿನ ಆಯಮ್ಮ ಇಷ್ಟು ತಿನ್ನುತ್ತಿರಲಿಲ್ಲ. ಕ್ಲಾಸು ಗೊಳ್ಳೆಂದಿತು. ನಾನು ನಗಲಿಲ್ಲ. ನನ್ನ ಶನಿವಾರದ ಪಟ್ಟಿಯೂ ಅದೇ ಆಗಿತ್ತು, ಜೊತೆಗೆ ಆಂಜನೇಯನ ವಡೆ. ಹಸಿದಿರು ಅಂತ ದೇವರು ಯಾರಿಗೂ ಹೇಳಲಿಲ್ಲ, ನಾವೇ ಹೇಳಿಕೊಂಡು ನಾವೇ ದೇವರಿಗೆ ಟೋಪಿ ಹಾಕುವುದನ್ನು ಅವನು ಎಷ್ಟು ಕಾಲದಿಂದ ಸಹಿಸಿಕೊಂಡಿದ್ದಾನೋ.

ಇನ್ನು ನಡೆಯುವುದು. ಕೂತು ಮಾಡುವ ವ್ಯಾಯಾಮದ ಜೊತೆಗೆ ದಿನಾ ಸಮತಟ್ಟಾದ ಕಡೆ ಸ್ವಲ್ಪ ಸ್ವಲ್ಪ ನಡೆಯಿರಿ, ಮೈಗೆ ಒಗ್ಗಿದಂತೆ ಹೆಚ್ಚಿಸಿ ಅಂತ ಮೇಡಂ ಹೇಳಿ ಕಳಿಸಿದರು. ನಿಂಗಮ್ಮ ಮಾರನೇ ದಿನವೇ ಸೆರಗು ಸಿಕ್ಕಿಸಿ ಹೊರಟಳು. ಮೊದಲ ಮನೆಯವರು ಎಲ್ಲಿಗೆ ಅಂದರು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಅಂದಳು. ಎರಡನೇ ಮನೆಯವರಿಗೂ ಅದೇ ಹೇಳಿದಳು. ಕೆಲಸವಿಲ್ಲದೆ, ಕೈಯಲ್ಲಿ ಚೀಲವಿಲ್ಲದೆ, ವಯಸ್ಸಾದ ಹೆಂಗಸು ಬೀದಿಯಲ್ಲಿ ಸುಮ್ಮನೆ ನಡೆಯುತ್ತಾಳೆ ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅವಳು ಬೀದಿಯ ತುದಿ ಮುಟ್ಟುವ ಹೊತ್ತಿಗೆ, ನಿಂಗಮ್ಮ ಸೊಸೆಯ ಜೊತೆ ಜಗಳವಾಡಿ ಮನೆ ಬಿಟ್ಟು ಹೋದಳು ಅಂತ ಬಿಡದಿಗೆ ಫೋನು ಹೋಗಿತ್ತು. ಶಿವಲಿಂಗ ಅರ್ಧ ದಿನ ರಜೆ ಹಾಕಿ ಓಡಿ ಬಂದು, ಏನೂ ಅರಿಯದ ಮಂಜುಳನ ಮೇಲೆ ಹಾರಾಡಿ, ತಾಯಿಯನ್ನು ಮತ್ತೆ ಕುರ್ಚಿಗೆ ಸೇರಿಸಿದ.

ಆಗ ನನಗೆ ಹೊಳೆದದ್ದು ಪ್ರದಕ್ಷಿಣೆ. ದೇವಸ್ಥಾನ ಸುತ್ತುವ ಹೆಂಗಸನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಬೈರಾಪಟ್ಟಣದ ಆಂಜನೇಯನ ಗುಡಿಯ ಅಂಗಳ ಸಮತಟ್ಟು, ಕಲ್ಲು ಹಾಸಿದೆ, ಬೆಳಗಿನ ಹೊತ್ತು ತಂಪು. ಮೇಡಂಗೆ ಹೇಳಿದೆ, ಖುಷಿಪಟ್ಟರು. ಮೊದಲು ಕಮ್ಮಿ ಸುತ್ತು, ಆಮೇಲೆ ಹೆಚ್ಚು, ನೋವು ಮಾರನೇ ದಿನಕ್ಕೂ ಉಳಿದರೆ ಒಂದೆರಡು ಸುತ್ತು ಬಿಡುವುದು ಅಂತ ಲೆಕ್ಕ ಹಾಕಿಕೊಟ್ಟರು. ಕ್ಲಾಸಿನ ಅಷ್ಟೂ ಹೆಂಗಸರಿಗೆ ಅವರವರ ಬೀದಿಯ ದೇವಸ್ಥಾನ ಹಂಚಿದ್ದಾಯಿತು. ನೀವು ನಂಬಬೇಕು, ಒಬ್ಬರೂ ಬೇಡ ಅನ್ನಲಿಲ್ಲ. ವಾರ ವಾರ ಬಂದು ಇಷ್ಟು ಸುತ್ತಾಯಿತು, ಅಷ್ಟು ಸುತ್ತಾಯಿತು ಅಂತ ಪೈಪೋಟಿಯಲ್ಲಿ ಹೇಳತೊಡಗಿದರು. ಟ್ರಸ್ಟಿನ ದೊಡ್ಡವರೊಬ್ಬರು ಬಂದು ಫೋಟೋ ತೆಗೆಸಿಕೊಂಡು, ಭಕ್ತಿಯೂ ವಿಜ್ಞಾನವೂ ಕೈಕೈ ಹಿಡಿದಿವೆ ಅಂತ ಭಾಷಣ ಮಾಡಿ, ಬೋಂಡ ತಿಂದು ಹೋದರು. ಜಂಬದಿಂದ ನನ್ನ ತಲೆ ನೆಟ್ಟಗೆ ನಿಲ್ಲಲಿಲ್ಲ.

ಆದರೆ ತೂಕದ ಯಂತ್ರಕ್ಕೆ ಭಾಷಣ ಕೇಳಿಸಿರಲಿಲ್ಲ. ನಿಂಗಮ್ಮನ ತೂಕ ಏರಿತು. ಮುಂದಿನ ವಾರ ಇನ್ನಷ್ಟು ಏರಿತು. ನಿಂಬೆಹಣ್ಣು ಇದೆಯೇ ಅಂತ ಬಗ್ಗಿ ನೋಡಿದೆ, ಇರಲಿಲ್ಲ. ಮೇಡಂ ಗಾಬರಿಯಾಗಿ ಥೈರಾಯ್ಡ್ ಇರಬಹುದೆಂದು ರಕ್ತಪರೀಕ್ಷೆಗೆ ಬರೆದರು. ನಾನು ಮಂಜುಳನ ಕಡೆ ನೋಡಿದೆ. ರವಿಕೆಯನ್ನು ಎರಡೂ ಕಡೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮುಖದಲ್ಲಿ ಕಳೆ ಬಂದಿತ್ತು. ನನಗೆ ಅನುಮಾನ ಬಂದು, ಸುತ್ತುತ್ತಿರುವುದು ಯಾರು ಅಂತ ನಿಂಗಮ್ಮನನ್ನು ಕೇಳಿದೆ. ಅವಳು ಒಂದಿಷ್ಟೂ ಅಳುಕದೆ ಹೇಳಿದಳು.

“ನಾನ್ಯಾಕ್ ಸುತ್ಲಿ ಗೌರಕ್ಕ, ನಂಗೆ ಮಂಡಿ ನೋಯ್ತದಲ್ವಾ? ಮಂಜುಳ ಸುತ್ತಾಳೆ. ನನ್ ಹೆಸರು ಹೇಳ್ಕಂಡೇ ಸುತ್ತಾಳೆ. ಸಂಕಲ್ಪ ನಂದೇ. ನಾನು ಜಗಲಿ ಮ್ಯಾಲೆ ಕುಂತು ಎಣಿಸ್ತೀನಿ, ಒಂದೂ ತಪ್ಸಕ್ ಬುಡಲ್ಲ.”

ಇದನ್ನು ಮೋಸ ಅನ್ನಲು ನನಗೆ ಬಾಯಿ ಬರಲಿಲ್ಲ. ಮಗುವಿಗೆ ಜ್ವರ ಬಂದರೆ ಅಪ್ಪ ಮುಡಿ ಕೊಡುತ್ತಾನೆ. ಅಮ್ಮನ ಕೈಲಾಗದಿದ್ದರೆ ಮಗ ಉರುಳುತ್ತಾನೆ. ದೇವರು ಯಾವತ್ತೂ ತಕರಾರು ಮಾಡಿದ್ದಿಲ್ಲ. ನಾನೇ ಮಂಡಿಯ ಔಷಧಿಯನ್ನು ತೆಗೆದುಕೊಂಡು ಹೋಗಿ ಹರಕೆಯ ಡಬ್ಬಿಗೆ ಹಾಕಿದ್ದೆ. ಡಬ್ಬಿಯ ಕಾನೂನು ಅದಕ್ಕೂ ಅನ್ವಯಿಸಿತು. ಉಳಿದವರನ್ನು ವಿಚಾರಿಸಿದರೆ ಕಥೆ ಇನ್ನೂ ಚೆನ್ನಾಗಿತ್ತು. ಒಬ್ಬಳ ಮೈದುನ ಬೈಕಿನಲ್ಲಿ ದೇವಸ್ಥಾನ ಸುತ್ತಿ ಬರುತ್ತಿದ್ದ. ನಾಲ್ಕು ಜನ ಸೇರಿ ಪೂಜಾರಿಗೆ ದಕ್ಷಿಣೆ ಕೊಟ್ಟು ತಮ್ಮ ಸುತ್ತುಗಳನ್ನು ಒಪ್ಪಿಸಿಬಿಟ್ಟಿದ್ದರು. ಆ ಪೂಜಾರಿಯನ್ನು ಆಮೇಲೊಮ್ಮೆ ನೋಡಿದೆ, ಪಾಪ, ಕಡ್ಡಿಯಾಗಿದ್ದರು.

ಕ್ಲಾಸಿನಲ್ಲಿ ಮೆಹರುನ್ನೀಸಾ ಅಂತ ಒಬ್ಬರಿದ್ದರು, ರೇಷ್ಮೆ ನೂಲು ತೆಗೆದು ತೆಗೆದು ಮಂಡಿ ಕೆಡಿಸಿಕೊಂಡವರು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ನಮಾಜನ್ನು ತಾವೇ ಮಾಡಬೇಕು, ಕುರ್ಚಿಯ ಮೇಲಾದರೂ ಸರಿ, ಸೊಸೆಯ ಕೈಲಿ ಮಾಡಿಸಿದರೆ ನಡೆಯುವುದಿಲ್ಲ ಅಂದರು. ಸರಿಯೇ. ಆದರೆ ಮೂರು ಬೀದಿ ಆಚೆ ಇರುವ ಮನೆಯಿಂದ ಈ ನಡೆಯುವ ಕ್ಲಾಸಿಗೆ ಅವರು ಗಂಡನ ಸ್ಕೂಟರಿನಲ್ಲಿ ಬರುತ್ತಿದ್ದರು. ಅದನ್ನು ನೆನಪಿಸಿದೆ. ನಗು ನಿಂತಿತು. ಆಮೇಲೆ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದು, ನಿಂಗಮ್ಮನ ಕುರಿಗಳನ್ನು ಕೊಳ್ಳಲು ಮಾತು ಕೊಟ್ಟಿರುವುದು ತಮ್ಮ ಗಂಡ ಬಾಬು ಸಾಹೇಬರೇ, ಹಬ್ಬಕ್ಕೆ ಇನ್ನು ಎರಡು ಮೂರು ತಿಂಗಳಷ್ಟೇ ಇದೆ, ಟೆಂಪೋ ಕೂಡ ಈಗಲೇ ಗೊತ್ತು ಮಾಡಿದ್ದಾರೆ ಅಂದರು.

ನಾನು ಸೀದಾ ನಿಂಗಮ್ಮನ ಮುಂದೆ ನಿಂತು, ಬೇರೆಯವರ ಕಾಲಿನಿಂದ ಪುಣ್ಯ ಬರಬಹುದು, ಬಲ ಬರುವುದಿಲ್ಲ ಅಂದೆ. ಹಾಗಾದರೆ ದೇವರು ಸುಳ್ಳಾ ಅಂತ ಅವಳು ಕೇಳಿದಳು. ಇಡೀ ಕ್ಲಾಸು ನನ್ನ ಮುಖ ನೋಡಿತು. ಆ ಹೊತ್ತಿಗೆ ನನ್ನ ಬಾಯಲ್ಲಿ ಮಾತು ಆಡಿಸಿದವನು ಆಂಜನೇಯನೇ ಅಂತ ಈಗಲೂ ನಂಬುತ್ತೇನೆ.

“ದೇವ್ರು ಕೊಟ್ಟವ್ನೆ ನಿಂಗಮ್ಮ. ಸುತ್ತಿದವಳ್ಗೆ ಕೊಟ್ಟವ್ನೆ. ನೋಡು ನಿನ್ ಸೊಸೇನ.”

ಎಲ್ಲರೂ ಮಂಜುಳನ ಕಡೆ ತಿರುಗಿದರು. ನಿಂಗಮ್ಮ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಿನ್ನು ನೋಡಿದಳು, ಬಳೆ ನೋಡಿದಳು. ಜ್ಞಾನೋದಯವಾಗುತ್ತದೆ ಅಂದುಕೊಂಡೆ. ಅವಳು ಹೇಳಿದ್ದು ಬೇರೆ.

“ಅಯ್ಯೋ ಇವ್ಳ. ಸಂಕಲ್ಪ ನಂದು, ಫಲ ಇವ್ಳು ತಿಂದವ್ಳೆ.”

ಮಾರನೇ ದಿನದಿಂದ ನಿಂಗಮ್ಮ ತಾನೇ ಸುತ್ತತೊಡಗಿದಳು. ವಿಜ್ಞಾನದಿಂದಲ್ಲ, ಹೊಟ್ಟೆಕಿಚ್ಚಿನಿಂದ. ನೀವು ಈ ಕೆಲಸದಲ್ಲಿ ಇದ್ದಷ್ಟು ದಿನ ಯಾರು ಯಾವ ಕಾರಣಕ್ಕೆ ನಡೆಯುತ್ತಾರೆ ಅಂತ ಶೋಧಿಸಲು ಹೋಗಬೇಡಿ. ನಡೆದರೆ ಸಾಕು.

ಆ ಮಾತಾದ ದಿನವೇ ಮಂಜುಳ ಆಸ್ಪತ್ರೆಯ ನೀರಿನ ನಲ್ಲಿಯ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ಬೈದಳು ಅಂತ ಅಲ್ಲ. “ಬೆಳಿಗ್ಗೆ ಅದೊಂದ್ ಹೊತ್ತು ನಾನು ಮನೆ ಆಚೆ ಇರ್ತಿದ್ದೆ ಗೌರಕ್ಕ. ಅಲ್ಲಿ ಯಾರೂ ಕಾಫಿ ಕೇಳ್ತಿರ್ಲಿಲ್ಲ. ಈಗ ಅದೂ ಹೋಯ್ತು” ಅಂದಳು. ನನಗೆ ಇದು ಹೊಳೆದೇ ಇರಲಿಲ್ಲ. ಹಿಂದೆ ನಿಂತು ಕೇಳಿಸಿಕೊಂಡ ಶ್ರುತಿ ಮೇಡಂ ಒಳಗೆ ಹೋಗಿ, ತಮ್ಮ ಅತಿ ಕಠಿಣವಾದ ಡಾಕ್ಟರ ದನಿಯಲ್ಲಿ ನಿಂಗಮ್ಮನಿಗೆ ಆಜ್ಞೆ ಮಾಡಿದರು. ನೀವು ನಡೆಯುವಾಗ ಪಕ್ಕದಲ್ಲಿ ಒಬ್ಬರು ನಡೆಯಲೇಬೇಕು, ನಿಂತು ನೋಡುವುದಲ್ಲ, ಸಮಸಮವಾಗಿ ನಡೆಯಬೇಕು, ಅದು ಸೊಸೆಯೇ ಆಗಬೇಕು. ಯಾವ ಪುಸ್ತಕದಲ್ಲಿ ಹಾಗಿದೆಯೋ ಗೊತ್ತಿಲ್ಲ. ನಮ್ಮ ಮೇಡಂಗೆ ದೇವರು ಒಳ್ಳೆಯದು ಮಾಡಲಿ.

ಅಲ್ಲಿಂದಾಚೆ ಮೇಡಂ ತಮ್ಮ ಪದ್ಧತಿಯನ್ನೂ ಬದಲಾಯಿಸಿದರು. ಸಮುದ್ರದ ದಡದ ದಂಪತಿಯನ್ನು ಗೋಡೆಯಿಂದ ಕಿತ್ತು, ನಿಮಗೆ ಏನು ಮಾಡಲು ಆಗಬೇಕು ಅಂತ ಒಬ್ಬೊಬ್ಬರನ್ನೇ ಕೇಳತೊಡಗಿದರು. ಕುರಿ ಕಾಯುವವಳಿಗೆ ಏನೇನು ಬೇಕು? ನೆಲದಿಂದ ಏಳಬೇಕು, ಏರಿ ಹತ್ತಬೇಕು, ಅದಕ್ಕಿಂತ ಕಷ್ಟ ಇಳಿಯಬೇಕು, ಮರಿ ಎತ್ತಿಕೊಳ್ಳಬೇಕು. ಕೈ ಊರದೆ ಕುರ್ಚಿಯಿಂದ ಏಳುವುದು, ಮಂಡಿಯ ಕೆಳಗೆ ಟವೆಲು ಸುತ್ತಿಟ್ಟು ಒತ್ತಿ ಹಿಡಿಯುವುದು, ಆಸ್ಪತ್ರೆಯ ಇಳಿಜಾರಿನಲ್ಲಿ ಕೋಲು ಹಿಡಿದು ಹತ್ತಿ ಇಳಿಯುವುದು ನಡೆಯಿತು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಮರಿಯ ಬದಲು ರಾಗಿಹಿಟ್ಟಿನ ಚೀಲ. ಮುದ್ದೆಗೆ ಮೇಡಂ ಒಂದು ಸ್ಟೀಲಿನ ಬಟ್ಟಲು ಕೊಟ್ಟು, ಇದರಲ್ಲಿ ಕೂರುವಷ್ಟು, ಮೇಲೆ ಗುಡ್ಡ ಕಟ್ಟುವಂತಿಲ್ಲ, ಹಸಿವಾದರೆ ಸೊಪ್ಪು, ಕಾಳು ಜಾಸ್ತಿ ಹಾಕಿಸಿಕೊಳ್ಳಿ ಅಂದರು. ಉಪವಾಸದ ದಿನ ದಯವಿಟ್ಟು ಊಟ ಮಾಡಿ ಅಂತ ಕೈಮುಗಿದರು. ಮಂಜುಳ ಮನೆಯಲ್ಲಿ ಯಾರಿಗೂ ಹೇಳದೆ ಆ ಪ್ಲಾಸ್ಟಿಕ್ ಕುರ್ಚಿಯನ್ನು ಪಡಸಾಲೆಯಿಂದ ಕೊಟ್ಟಿಗೆಗೆ ಸಾಗಿಸಿದಳು. ಕೂರಬೇಕಾದರೆ ನಡೆದು ಹೋಗಬೇಕು.

ಎಲ್ಲವೂ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಕಳೆದುಹೋದ ಫಲವನ್ನೆಲ್ಲ ಒಂದೇ ದಿನ ವಸೂಲು ಮಾಡುವ ಆತುರದಲ್ಲಿ ನಿಂಗಮ್ಮ ಒಮ್ಮೆ ಸುತ್ತಿ ಸುತ್ತಿ ಮಂಡಿ ಊದಿಸಿಕೊಂಡಳು. ಶಿವಲಿಂಗ ಆಸ್ಪತ್ರೆಗೆ ಫೋನು ಮಾಡಿ, ತಾಯಿಯನ್ನು ನಡೆಸಿ ಸಾಯಿಸುತ್ತೀರಾ, ಊರವರು ನನಗೆ ಉಗಿಯುತ್ತಾರೆ ಅಂತ ಕೂಗಾಡಿದ. ಗಮನಿಸಿ, ಮಂಡಿ ತಾಯಿಯದು, ಉಗಿಯುವುದು ಮಗನಿಗೆ. ನಮ್ಮ ಮ್ಯಾನೇಜರು ಹೆದರಿ, ಆಯಮ್ಮನನ್ನು ಮನೆಯಲ್ಲೇ ಇರಲು ಹೇಳಿ ಅಂದರು. ಮೇಡಂ ಒಪ್ಪಲಿಲ್ಲ. ಊತ ಇಳಿಯುವವರೆಗೆ ತಣ್ಣನೆ ಬಟ್ಟೆ ಹಾಕಿ, ಕಮ್ಮಿ ಮಾಡಿ, ಬಿಡಬೇಡಿ ಅಂದರು. ನಿಂಗಮ್ಮ ಬಿಡಲಿಲ್ಲ. ತೂಕವೂ ಇಳಿಯಿತು, ಬೆಟ್ಟ ಕರಗಿದ ಹಾಗೇನಲ್ಲ. ರವಿಕೆಗೆ ಪಿನ್ನು ಹಾಕುವಷ್ಟಲ್ಲದಿದ್ದರೂ ಆಟೋ ಹತ್ತುವಾಗ ಯಾರೂ ತಳ್ಳಬೇಕಾಗಿರಲಿಲ್ಲ. ನೋವು ಇತ್ತು. ಮೊದಲಿನಷ್ಟು ಇರಲಿಲ್ಲ.

ಅಷ್ಟರಲ್ಲಿ ಬಕ್ರೀದ್ ಹತ್ತಿರ ಬಂತು. ಬಾಬು ಸಾಹೇಬರು ನಾಳೆ ಬೈರಾಪಟ್ಟಣಕ್ಕೆ ಹೋಗುತ್ತಾರೆ ಅಂತ ಮೆಹರುನ್ನೀಸಾ ಹೇಳಿದರು. ಮನೆಭೇಟಿಯ ನೆಪ ಮಾಡಿಕೊಂಡು ನಾನೂ ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಶಿವಲಿಂಗ ರಜೆ ಹಾಕಿ ಮನೆಯಲ್ಲಿದ್ದ. ಬಾಬು ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು. ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಒಂದೇ ಇತ್ತು. ಕುರಿ ಎಲ್ಲಿ, ಅವ್ವ ಎಲ್ಲಿ ಅಂತ ಶಿವಲಿಂಗ ಹೆಂಡತಿಯನ್ನು ಕೇಳಿದ. ಮಂಜುಳ ಬಾಗಿಲಲ್ಲಿ ನಿಂತು, ಅತ್ತೆ ಬೆಳಿಗ್ಗೆಯೇ ಮೇಯಿಸಲು ಹೊಡೆದುಕೊಂಡು ಹೋದರು, ನಾನು ಕೆರೆ ಏರಿಯವರೆಗೆ ಜೊತೆಗೆ ಹೋಗಿ ಬಂದೆ, ಡಾಕ್ಟರಮ್ಮ ಹಾಗೇ ಹೇಳಿದ್ದಾರೆ ಅಂದಳು.

ಮೂರು ಜನವೂ ಕೆರೆಯ ಕಡೆ ಹೊರಟೆವು. ಶಿವಲಿಂಗ ಕಾರ್ಖಾನೆಯ ಕ್ಯಾಂಟೀನಿನ ಅನ್ನ ಉಂಡು ಬೆಳೆಸಿದ ಹೊಟ್ಟೆಯನ್ನು ಹೊತ್ತು ಮುಂದೆ, ಬಾಬು ಸಾಹೇಬರು ಸ್ಕೂಟರಿಲ್ಲದ ಸಂಕಟದಲ್ಲಿ ನಡುವೆ, ಊರಿಗೆಲ್ಲ ನಡೆಯಲು ಕಲಿಸುವ ನಾನು ಎಲ್ಲರಿಗಿಂತ ಹಿಂದೆ. ಏರಿಯ ಮೇಲೆ ನಿಂಗಮ್ಮ ಕೋಲು ಊರಿಕೊಂಡು ನಿಂತಿದ್ದಳು. ಕುರಿಗಳು ಇಳಿಜಾರಿನಲ್ಲಿ ಹರಡಿಕೊಂಡು ಮೇಯುತ್ತಿದ್ದವು. ನಮ್ಮನ್ನು ಕಂಡರೂ ಕೆಳಗೆ ಬರಲಿಲ್ಲ. ನಾವೇ ಹತ್ತಬೇಕಾಯಿತು.

ಶಿವಲಿಂಗ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಉಸಿರಾಡಿದ. ಆಮೇಲೆ, “ಅವ್ವ, ಸಾಹೇಬ್ರು ಬಂದವ್ರೆ. ಹಟ ಮಾಡ್ಬೇಡ. ಇವನ್ನ ಕಾಯೋರು ಯಾರವ್ರೆ ಹೇಳು?” ಅಂದ.

“ಇಲ್ಲಿಗಂಟ ಇವನ್ನ ಹೊಡ್ಕಬಂದೋರು ಯಾರ್ಲಾ?” ಅಂದಳು ನಿಂಗಮ್ಮ.

ಅವನು ಹಿಂದೆ ತಿರುಗಿ ಊರಿನವರೆಗಿನ ದಾರಿ ನೋಡಿದ. ಆಗಷ್ಟೇ ನಡೆದು ಬಂದ ದಾರಿ. ಅದರ ಉದ್ದ ಅವನ ಎದೆಗೆ ಗೊತ್ತಿತ್ತು. 

ಬಾಬು ಸಾಹೇಬರು ಟೋಪಿ ತೆಗೆದು ಗಾಳಿ ಹಾಕಿಕೊಂಡು, ಶಿವಲಿಂಗನನ್ನು ಬಿಟ್ಟು ನೇರ ನಿಂಗಮ್ಮನ ಜೊತೆ ಮಾತಾಡಿದರು. “ಅಮ್ಮ, ಕುರ್ಬಾನಿ ಜಾನ್ವಾರು ಮನಸ್ಸಿಲ್ದೆ ಕೊಟ್ರೆ ನಮ್ಗೆ ಆಗಲ್ಲ. ಯಜಮಾನ್ರು ರಾಜಿಯಾಗಿ ಕೊಡ್ಬೇಕು. ಯಾವ್ದು ಕೊಡ್ತೀರೋ ನೀವೇ ತೋರ್ಸಿ, ಕೊಡಲ್ಲ ಅಂದ್ರೂ ಹೇಳಿ, ವಾಪಸ್ ಹೋಗ್ತೀನಿ.”

ಯಜಮಾನರು ಅಂದದ್ದು ಅವಳಿಗೆ. ನಿಂಗಮ್ಮ ಕೋಲೆತ್ತಿ ಎರಡು ಟಗರು ತೋರಿಸಿದಳು. ಮಿಕ್ಕಿದ್ದನ್ನು ಕೇಳಬೇಡಿ ಅಂದಳು. ಆಮೇಲೆ ಆ ಎರಡಕ್ಕೆ ಅವಳು ವ್ಯಾಪಾರ ಮಾಡಿದ ರೀತಿ ನೋಡಿ, ಅಷ್ಟನ್ನೂ ಕೇಳದಿದ್ದದ್ದೇ ತಮ್ಮ ಅದೃಷ್ಟ ಅಂತ ಸಾಹೇಬರಿಗೆ ಅನ್ನಿಸಿರಬೇಕು.

ಬಿಸಿಲೇರಿತ್ತು. ಇಳಿಯುವ ಹೊತ್ತು. ಏರಿಯ ಇಳಿಜಾರು ಆಸ್ಪತ್ರೆಯ ಇಳಿಜಾರಿನ ಹಾಗಲ್ಲ, ಕಲ್ಲು, ಸಡಿಲ ಮಣ್ಣು. ನಿಂಗಮ್ಮ ಅಂಚಿಗೆ ಬಂದು ಒಂದು ಗಳಿಗೆ ನಿಂತಳು. ಮಂಡಿ ನೋಯುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಶಿವಲಿಂಗ ಓಡಿ ಬಂದು ಕೈ ಚಾಚಿದ. ಅವಳು ಕೋಲನ್ನು ಕೆಳಗೆ ಊರಿ, ನೋವಿನ ಕಾಲನ್ನು ಮೊದಲು ಇಳಿಸಿದಳು, ಆಮೇಲೆ ಇನ್ನೊಂದು.

“ಕೈ ತಗಿ ಮಗ, ಅಡ್ಡ ನಿಂತ್ರೆ ಕುರಿ ಚೆದುರ್ತವೆ” ಅಂದಳು.

ಅವಳು ಇಳಿದಳು. ಕುರಿಗಳು ಅವಳ ಹಿಂದೆ ಇಳಿದವು. ಶಿವಲಿಂಗ ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತಿದ್ದ. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನೂ ಇಳಿಯಬೇಕಿತ್ತಲ್ಲ, ಸ್ವಾಮಿಯೇ ಕೊಟ್ಟ ಕೈ.